ಮೊಕ್ಕಾಂ ಬದಲಿಸುವ ಮನೆಯಲ್ಲಿ ಮಗು

ಬೆಂಗಳೂರಿನ ಪಶ್ಚಿಮದಲ್ಲಿ ವಿಜಯನಗರ, ನಾಗರಭಾವಿಗಳಿಗೆ ಒತ್ತಿಕೊಂಡಿರುವ ಮೂಡಲಪಾಳ್ಯದಂತಹ ಬಡಾವಣೆಗಳಲ್ಲಿ ಮನೆಗೂ ಕೆಲಸಕ್ಕೂ ನಡುವಿನ ಅಂತರ ಹತ್ತು ವರ್ಷಗಳೊಳಗೆ ಎರಡು ಬಗೆಯಲ್ಲಿ ಕುಗ್ಗಿತು. 2015ರ ನವೆಂಬರಿನಲ್ಲಿ ಅತ್ತಿಗುಪ್ಪೆಗೆ ಬಂದ ಮೆಟ್ರೊ 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನವರೆಗೆ ನೇರವಾಗಿ ಓಡತೊಡಗಿತು. ಆದರೆ ಅದಕ್ಕೂ ಮೊದಲೇ, 2020ರ ಮಾರ್ಚಿನ ಲಾಕ್‌ಡೌನು ಕಚೇರಿಯನ್ನೇ ಮನೆಯ ಊಟದ ಮೇಜಿಗೆ ತಂದಿಟ್ಟಿತ್ತು. ಮೇಜಿನ ಮೇಲೆ ಮುಗಿಯುವ ಕೆಲಸ ಇದೇ ಊರಿನ ಮೇಜಿನ ಮೇಲೆ ಏಕೆ ನಡೆಯಬೇಕು ಎಂಬ ಪ್ರಶ್ನೆ ಆಗಲೇ ಹುಟ್ಟಿತು. ಲ್ಯಾಪ್‌ಟಾಪು, ಇಂಟರ್‌ನೆಟ್ಟುಗಳನ್ನು ನಂಬಿ ಕೆಲವು ತಿಂಗಳಿಗೊಂದು ದೇಶದಲ್ಲಿದ್ದು ದುಡಿಯುವವರನ್ನು ‘ಡಿಜಿಟಲ್ ಅಲೆಮಾರಿ’ಗಳೆಂದು ಕರೆಯುವ ರೂಢಿ ಈಗ ಬಂದಿದೆ. ಒಂಟಿ ದುಡಿಮೆಗಾರರಿಗೆ ಇದು ವೀಸಾ ಮತ್ತು ವೈ-ಫೈಗಳ ವಿಚಾರವಾದರೆ, ಮಗುವಿರುವ ಮನೆಗೆ ಶಾಲೆ, ಗೆಳೆತನ ಮತ್ತು ಭಾಷೆಗಳ ವಿಚಾರವೂ ಹೌದು.

ದಾರಿ ತೆರೆದುಕೊಡುವ ದೇಶಗಳಿಗೆ ಕೊರತೆಯಿಲ್ಲ. 2020ರಲ್ಲಿ ಬಾರ್ಬಡೋಸ್ ಮತ್ತು ಎಸ್ಟೋನಿಯಾಗಳು ದೂರದಿಂದ ದುಡಿಯುವವರಿಗೆಂದೇ ಪ್ರತ್ಯೇಕ ಪರವಾನಗಿಗಳನ್ನು ಆರಂಭಿಸಿದವು. 2024ರ ಜುಲೈಯಲ್ಲಿ ಥಾಯ್ಲೆಂಡ್ ಜಾರಿಗೆ ತಂದ ವೀಸಾ ಐದು ವರ್ಷ ಚಾಲ್ತಿಯಲ್ಲಿದ್ದು, ಒಮ್ಮೆ ಒಳಹೋದರೆ 180 ದಿನ ಇರಲು ಬಿಡುತ್ತದೆ, ಸಂಗಾತಿ ಮತ್ತು ಮಕ್ಕಳನ್ನು ಜೊತೆಗೆ ಕರೆದೊಯ್ಯಲೂ ಅವಕಾಶ ಕೊಡುತ್ತದೆ. ಆದರೆ ಮಗುವಿನ ದಿನಚರಿಯನ್ನು ನಿಜವಾಗಿ ಆಳುವುದು ವೀಸಾ ಅಲ್ಲ, ಗಡಿಯಾರ. ಬೆಂಗಳೂರಿನ ಕಚೇರಿ ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ ಸಂಜೆ ಆರೂವರೆಗೆ ಮುಗಿಯುವುದೆಂದು ಹಿಡಿದರೆ, ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಕುಳಿತ ತಾಯಿಗೆ ಅದು ಹನ್ನೊಂದರಿಂದ ರಾತ್ರಿ ಎಂಟರವರೆಗಿನ ದುಡಿಮೆ. ಮುಂಜಾವು ಮಗುವಿಗೆ ಸಿಕ್ಕರೂ ಮಲಗಿಸುವ ಹೊತ್ತು ಕೈತಪ್ಪುತ್ತದೆ. ಚಳಿಗಾಲದ ಲಿಸ್ಬನ್ನಿನಲ್ಲಾದರೆ ಅದೇ ಕೆಲಸ ನಸುಕಿನ ನಾಲ್ಕಕ್ಕೆ ಆರಂಭವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುವುದರಿಂದ ಇಡೀ ಸಂಜೆ ಮಗುವಿನದಾಗುತ್ತದೆ, ಅದರ ಬೆಲೆಯನ್ನು ತಾಯಿಯ ನಿದ್ದೆ ತೆರುತ್ತದೆ. ದೇಶವನ್ನು ಆಯ್ದುಕೊಳ್ಳುವವರು ಕಡಲತೀರದ ಚಿತ್ರಗಳಿಗಿಂತ ಮೊದಲು ಈ ಲೆಕ್ಕವನ್ನು ನೋಡುವುದು ಒಳಿತು.

ಶಾಲೆಯ ವಿಷಯದಲ್ಲಿ ಭಾರತದ ಕಾನೂನು ಜನರು ಅಂಜುವಷ್ಟು ಬಿಗಿಯಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆಯಾದರೂ ಅದಕ್ಕೆ ತಪ್ಪಿದವರಿಗೆ ದಂಡನೆಯನ್ನು ವಿಧಿಸುವುದಿಲ್ಲ. ಓದು ನಡುವೆ ನಿಂತುಹೋದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದಿದ್ದನ್ನು ವಿಶೇಷ ತರಬೇತಿಯಿಂದ ತುಂಬಿಕೊಡಬೇಕೆಂದೂ ಅದು ಹೇಳುತ್ತದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ತರಗತಿಗೆ ಹೋಗದೆಯೂ ಪರೀಕ್ಷೆ ಬರೆಯಲು ಬಿಡುವ ಕೇಂದ್ರ ಸರ್ಕಾರದ ಮಂಡಳಿ, ಹದಿನಾಲ್ಕು ತುಂಬಿದವರಿಗೆ ಹತ್ತನೇ ತರಗತಿಯ ಪರೀಕ್ಷೆಗೆ ದಾರಿ ಮಾಡಿಕೊಡುತ್ತದೆ. ಕಲಿಸುವ ಕ್ರಮವನ್ನು ಹುಡುಕುವವರು ದೂರ ಹೋಗಬೇಕಾಗಿಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರೂಪುಗೊಂಡು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ ಕಲಿ’ ಪದ್ಧತಿಯಲ್ಲಿ ಪಾಠಗಳನ್ನು ಸಣ್ಣ ಮೆಟ್ಟಿಲುಗಳ ಕಲಿಕಾ ಏಣಿಯಾಗಿ ಜೋಡಿಸಲಾಗಿದ್ದು, ಕೆಲವು ದಿನ ತಪ್ಪಿಸಿಕೊಂಡ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಪ್ರಯಾಣದಲ್ಲಿರುವ ಮಗುವಿಗೆ ಬೇಕಾದದ್ದೂ ಇಂತಹ ಏಣಿಯೇ.

ಪಠ್ಯವನ್ನು ಹೀಗೆ ಜೊತೆಗೆ ಒಯ್ಯಬಹುದು, ಓಣಿಯನ್ನು ಒಯ್ಯಲಾಗದು. ಮೂಡಲಪಾಳ್ಯದ ಮಗುವಿಗೆ ಪಕ್ಕದ ಮನೆಯ ಅಜ್ಜಿ, ಅಂಗಡಿಯಾತ, ಕ್ರಿಕೆಟ್ಟಿಗೆ ಕರೆಯುವ ಹುಡುಗರು ತಾವಾಗಿಯೇ ದೊರೆಯುತ್ತಾರೆ, ಕನ್ನಡವೂ ಅವರ ಬಾಯಿಂದಲೇ ಕಿವಿಗೆ ಬೀಳುತ್ತದೆ. ಊರೂರು ಬದಲಿಸುವ ಕುಟುಂಬದಲ್ಲಿ ಇವರೆಲ್ಲರ ಜಾಗವನ್ನು ತುಂಬಬೇಕಾದವರು ಇಬ್ಬರೇ, ಆ ಇಬ್ಬರೂ ಹಗಲೆಲ್ಲ ಪರದೆಯ ಮುಂದಿರುತ್ತಾರೆ. ಅಲೆಮಾರಿ ಬಾಲ್ಯದ ಕಷ್ಟವಿರುವುದು ಅಲೆದಾಟದಲ್ಲಿ ಅಲ್ಲ, ಒಂಟಿತನದಲ್ಲಿ ಎಂಬುದಕ್ಕೆ ಕನ್ನಡನಾಡಿನ ವೃತ್ತಿ ನಾಟಕ ಕಂಪನಿಗಳ ಚರಿತ್ರೆಯೇ ಆಧಾರ.

1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿ ಮೊಕ್ಕಾಂ ಬದಲಿಸುತ್ತ ಬದುಕಿದ ಸಂಸ್ಥೆ. ಮೊಕ್ಕಾಂ ಎಂದರೆ ಕಂಪನಿ ಒಂದು ಊರಿನಲ್ಲಿ ಬೀಡುಬಿಟ್ಟು ಪ್ರೇಕ್ಷಕರಿರುವಷ್ಟು ಕಾಲ ನಾಟಕವಾಡುವ ಅವಧಿ. ಪರದೆ, ಪೆಟ್ಟಿಗೆಗಳ ಜೊತೆ ನಟರ ಸಂಸಾರಗಳೂ ಸಾಗುತ್ತಿದ್ದವು, ಮಕ್ಕಳು ಪ್ರಹ್ಲಾದ, ಲೋಹಿತಾಶ್ವರ ವೇಷ ತೊಟ್ಟು ರಂಗಕ್ಕೂ ಬರುತ್ತಿದ್ದರು. ಅಲ್ಲಿ ಊರು ಬದಲಾದರೂ ಮಗುವಿನ ಸುತ್ತಲಿನ ಮುಖಗಳು ಬದಲಾಗುತ್ತಿರಲಿಲ್ಲ: ತಾಯಿ ರಂಗದ ಮೇಲಿದ್ದಾಗ ಇನ್ನೊಬ್ಬ ಕಲಾವಿದೆಯ ಮಡಿಲು ಇತ್ತು, ಸಂಗೀತ ಕಲಿಸಲು ಹಾರ್ಮೋನಿಯಂ ಮಾಸ್ತರರಿದ್ದರು, ಉಚ್ಚಾರಣೆ ತಪ್ಪಿದರೆ ತಿದ್ದುವ ಹಿರಿಯ ನಟರಿದ್ದರು. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಬಾಲ್ಯದಲ್ಲೇ ರಂಗ ಹತ್ತಿದ್ದು ಈ ವಾತಾವರಣದಲ್ಲಿ. ಆ ಬದುಕನ್ನು ಬರೀ ಹೊಗಳಿ ಮುಗಿಸುವುದು ಮಾತ್ರ ಅನ್ಯಾಯವಾದೀತು. ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, ಮುಂದೆ ರಾಜ್‌ಕುಮಾರ್ ಎಂದು ನಾಡೇ ಕೊಂಡಾಡಿದ ಮುತ್ತುರಾಜ್, ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು; ಕಂಪನಿ ಅವರಿಗೆ ಕೊಟ್ಟ ಶುದ್ಧ ಕನ್ನಡ ಅಪರೂಪದ್ದಾದರೂ, ಓದು ತಪ್ಪಿಯೂ ಅಂತಹ ಭಾಗ್ಯ ಒದಗದ ಮಕ್ಕಳೇ ಹೆಚ್ಚು.

ಆದ್ದರಿಂದ ಲ್ಯಾಪ್‌ಟಾಪಿನ ಕುಟುಂಬಗಳು ವೀಸಾಕ್ಕಿಂತ ಹೆಚ್ಚಾಗಿ ಒಂದು ‘ಕಂಪನಿ’ಯನ್ನು ಹೊಂದಿಸಿಕೊಳ್ಳಬೇಕಾಗಿದೆ. ಎರಡು ವಾರಕ್ಕೊಂದು ಊರಿನ ಬದಲು ಆರು ತಿಂಗಳಿಗೊಂದು ಊರು, ಸಾಧ್ಯವಾದರೆ ಜೊತೆಗೆ ಅಜ್ಜ ಅಜ್ಜಿ, ಮಕ್ಕಳಿರುವ ಇನ್ನೊಂದು ಕುಟುಂಬದೊಡನೆ ಸೇರಿ ಹೂಡುವ ಬಿಡಾರ, ವಾರಾಂತ್ಯದ ಕನ್ನಡ ತರಗತಿಗಳು ನಡೆಯುವ ದುಬೈಯಂತಹ ನಗರ, ಇವು ಅದರ ರೂಪಗಳು. ಮೊಕ್ಕಾಂ ಮುಗಿಸಿ ನೆಲೆ ನಿಲ್ಲುವ ಕಾಲವನ್ನು ಗುರುತಿಸುವ ಕಣ್ಣೂ ಹಿರಿಯರಿಗೆ ಇರಬೇಕಾಗುತ್ತದೆ. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಓಡಿಬಂದು ಕಂಪನಿ ಸೇರಿದ್ದ ಹುಡುಗ, ಮುಂದೆ ರಂಗನಿರ್ದೇಶಕರಾದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಬನಾರಸಿಗೆ ಕಳುಹಿಸಿದವರು ಸ್ವತಃ ಗುಬ್ಬಿ ವೀರಣ್ಣನವರು.