ಜೇಜುರಿಯಲ್ಲಿ ಮಂಕಾದ ದೀಪ

ಕನ್ನಡ ನಾಡಿನಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೇವರೇ ಜೇಜುರಿಯ ಬೆಟ್ಟದ ಮೇಲೆ ಖಂಡೋಬನಾಗಿ ನೆಲೆಸಿರುವನು. ಪುಣೆಯಿಂದ ಅಲ್ಲಿಗೆ ಸುಮಾರು ೫೦ ಕಿಲೋಮೀಟರು. ಹಡಪ್ಸರವನ್ನು ದಾಟಿ, ದಿವೆ ಘಾಟನ್ನು ಏರಿ, ಸಾಸವಡದ ಮೂಲಕ ಸಾಗುವ ಆ ದಾರಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ರವಿವಾರ ಖಂಡೋಬನ ವಾರ. ಅಂದು ಭಂಡಾರದ ಅರಿಸಿನದಿಂದ ಮೆಟ್ಟಿಲುಗಳೆಲ್ಲ ಹಳದಿಯಾಗಿರುತ್ತವೆ. ಅಂತಹ ಒಂದು ರವಿವಾರ ನಾವು ಬಸ್ಸಿನ ನೂಕುನುಗ್ಗಲನ್ನು ಬಿಟ್ಟು ಮಿತ್ರರೊಬ್ಬರ ಕಾರಿನಲ್ಲಿ ಹೊರಟೆವು.

ಈ ಮಿತ್ರರು ಲೋಟ ತೊಳೆಯುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷಗಳ ತರುವಾಯ ಅದೇ ಹೋಟೆಲಿನ ಮೇಲ್ವಿಚಾರಕರಾದವರು. ಕಾರು ಎರಡೇ ಆಸನಗಳ, ಮಾಡು ತೆರೆಯುವ, ಇಪ್ಪತ್ತೈದು ವರ್ಷ ಹಳೆಯದಾದ ಸ್ಪೋರ್ಟ್ಸ್ ಕಾರು. ಈ ವಯಸ್ಸಿನಲ್ಲಿ ಇದೇಕೆಂದು ಮನೆಯವರು ಕೇಳಿದ್ದರಂತೆ. ಮುಖಕ್ಕೆ ಗಾಳಿಯನ್ನೊಡ್ಡಿ ಘಾಟನ್ನು ಏರುವಾಗ ನಮಗೆ ಮಾತ್ರ ಆ ಪ್ರಶ್ನೆಯು ಹುಟ್ಟಲಿಲ್ಲ. ಹುಟ್ಟಿದ ಪ್ರಶ್ನೆ ಬೇರೆಯದು. ಎದುರಿನ ಫಲಕದಲ್ಲಿ ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪವೊಂದು ಮಿಣುಕು ಮಿಣುಕಾಗಿ ಉರಿಯುತ್ತಿದ್ದಿತು. "ಅದು ಯಾವಾಗಲೂ ಹಾಗೆಯೇ. ಆರು ತಿಂಗಳಲ್ಲಿ ಎರಡು ಸಲ ಹೊಸ ಬ್ಯಾಟರಿ ಹಾಕಿಸಿದ್ದೇನೆ" ಎಂದರು.

ದರ್ಶನ ಮುಗಿಸಿ ಇಳಿಯುವಷ್ಟರಲ್ಲಿ ಕತ್ತಲಾಯಿತು. ಎಂಜಿನು ನರಳಿ ಎದ್ದಿತು. ಊರ ಹೊರಗೆ ಬರುವುದರೊಳಗೆ ಮುಂದಿನ ದೀಪಗಳು ಲಾಂದ್ರದ ಬೆಳಕಿಗೆ ಇಳಿದವು. ಮುಂದೆ ದಿವೆ ಘಾಟಿನ ತಿರುವುಗಳು. ಮಿತ್ರರ ಜೇಬಿನಲ್ಲಿಯೋ ಹೋಟೆಲಿನ ಉಗ್ರಾಣದ ಬೀಗದ ಕೈ! ಬೆಳಗಿನ ೫ ಗಂಟೆಗೆ ಇಡ್ಲಿಯ ಪಾತ್ರೆ ಒಲೆಯನ್ನೇರದಿದ್ದರೆ ಯಜಮಾನರು ಏನೆನ್ನುವರೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಕಾರನ್ನು ಹಿಂದಕ್ಕೆ ತಿರುಗಿಸಿದೆವು.

ರಸ್ತೆಯ ಬದಿಯ ಸಣ್ಣ ಗ್ಯಾರೇಜಿನಲ್ಲಿ ಮುದುಕರೊಬ್ಬರಿದ್ದರು. ಮಿತ್ರರು ತಮ್ಮ ಜಾಣ್ಮೆಯನ್ನು ತೋರಲು, ಎಂಜಿನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು ನೋಡೋಣವೆಂದು ಕೈ ಚಾಚಿದರು. ಮುದುಕರು ಆ ಕೈಯನ್ನು ಹಿಡಿದು ನಿಲ್ಲಿಸಿದರು. ಅದು ಡೈನಮೋ ಕಾಲದ ಅಭ್ಯಾಸ. ಮುಂಬಯಿಯ ಟ್ಯಾಕ್ಸಿಗಳಾಗಿ ಓಡಿದ ಹಳೆಯ ಫಿಯಟ್ ೧೧೦೦ ಕಾರುಗಳಲ್ಲಿ ಇದ್ದುದು ಡೈನಮೋ. ಎಂಜಿನು ನಿಧಾನವಾದರೆ ಅದರ ವಿದ್ಯುತ್ತೂ ಸೊರಗುತ್ತಿದ್ದಿತು. (ಆ ವಂಶದ ಪದ್ಮಿನಿ ಟ್ಯಾಕ್ಸಿಗಳು ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾದುದು ನಮಗೆ ಇಂದಿಗೂ ವ್ಯಸನವೇ.) ಅಮೆರಿಕದ ಕ್ರೈಸ್ಲರ್ ಕಂಪನಿಯು ೧೯೬೦ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಅಳವಡಿಸಿದ ಬಳಿಕ ಕ್ರಮೇಣ ಎಲ್ಲೆಡೆಯೂ ಅದೇ ಬಂದಿತು. ಇದರಲ್ಲಿ ಹುಟ್ಟುವುದು ದಿಕ್ಕು ಬದಲಿಸುವ ವಿದ್ಯುತ್ತು. ಸಿಲಿಕಾನಿನ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕೊಡುತ್ತವೆ. ಓಡುವಾಗ ಬ್ಯಾಟರಿಯನ್ನು ಕಳಚಿದರೆ ವೋಲ್ಟೇಜು ಥಟ್ಟನೆ ಏರಿ ಈ ಡಯೋಡುಗಳೇ ಸುಟ್ಟುಹೋಗಬಹುದು.

ಮುದುಕರು ಮೀಟರನ್ನು ಹಿಡಿದರು. ತುಂಬಿದ ಬ್ಯಾಟರಿಯು ಸುಮ್ಮನಿರುವಾಗ ೧೨.೬ ವೋಲ್ಟು ತೋರಬೇಕು. ಎಂಜಿನು ಓಡುವಾಗ ೧೪ರ ಆಸುಪಾಸಿಗೆ ಏರಬೇಕು. ನಮ್ಮದು ಓಡುವಾಗಲೂ ೧೨.೧, ದೀಪ ಹಚ್ಚಿದರೆ ೧೧.೭. ಮುಂದಿನ ಎರಡು ದೀಪಗಳೇ ಸುಮಾರು ೧೦ ಆಂಪಿಯರನ್ನು ಕುಡಿಯುತ್ತವೆ. ಅಂದರೆ ಪಾಪದ ಬ್ಯಾಟರಿ, ಸಂಬಳವಿಲ್ಲದೆ ದುಡಿಯುವ ಮಾಣಿಯಂತೆ, ತನ್ನ ಕೂಡಿಟ್ಟದ್ದನ್ನೇ ತಿಂದು ಬದುಕುತ್ತಿದ್ದಿತು. ಎರಡು ಸಲ ಬದಲಾಯಿಸಿದ್ದು ನಿರಪರಾಧಿಯನ್ನು! ಬ್ಯಾಟರಿ ಮಾರಿದವರು ಒಮ್ಮೆಯಾದರೂ ಮೀಟರು ಹಿಡಿಯಬಾರದಾಗಿತ್ತೇ ಎಂದು ನಮಗೆ ಸಿಟ್ಟು ಬಂದಿತು.

ಮುದುಕರಿಗೆ ಮಾತ್ರ ಅವಸರವಿರಲಿಲ್ಲ. ಬೆಲ್ಟನ್ನು ಒತ್ತಿ ನೋಡಿದರು, ಬಿಗಿಯಾಗಿದ್ದಿತು. ಎಂಜಿನಿನಿಂದ ಬ್ಯಾಟರಿಗೆ ಹೋಗುವ ಅರ್ತ್ ತಂತಿಯನ್ನು ಪರೀಕ್ಷಿಸಿದರು, ಅದೂ ಸರಿಯಾಗಿದ್ದಿತು. ಆಮೇಲೆಯೇ ಆಲ್ಟರ್ನೇಟರಿನ ಮೇಲೆ ಕೈಯಿಟ್ಟು "ಇದು ಹೋಯಿತು" ಎಂದರು.

ಅದೇ ಮಾದರಿಯದು ಅಲ್ಲಿ ಎಲ್ಲಿಂದ ಬರಬೇಕು? ಮೊಮ್ಮಗನನ್ನು ಗುಜರಿಗೆ ಓಡಿಸಿ ಬೇರೊಂದು ಕಾರಿನದನ್ನು ತರಿಸಿದರು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿದರು. ಆಲ್ಟರ್ನೇಟರಿನ ದಪ್ಪ ತಂತಿಯು ನೇರವಾಗಿ ಬ್ಯಾಟರಿಗೆ ಸೇರಿರುವುದರಿಂದ, ಹಾಗೆ ಮಾಡದೆ ಸ್ಪ್ಯಾನರು ಕಬ್ಬಿಣಕ್ಕೆ ತಗಲಿದರೆ ಕಿಡಿ ಹಾರೀತು. ಕಿವಿಗಳು ಹೊಂದಿಕೊಂಡವು, ಆದರೆ ಬೆಲ್ಟಿನ ಗಾಲಿ ಎರಡು ಬೆರಳು ಆಚೆಗೆ ನಿಂತಿತು. ವಾರೆಯಾದ ಬೆಲ್ಟು ಬಹಳ ದಿನ ಬಾಳದು. ಹಳೆಯದರ ಗಾಲಿಯನ್ನು ಬಿಚ್ಚಿ ಹೊಸದಕ್ಕೆ ತೊಡಿಸುವುದರಲ್ಲಿ ಒಂದು ಗಂಟೆ ಕಳೆಯಿತು.

ಎಂಜಿನನ್ನು ಎಬ್ಬಿಸಿದರೆ ಮತ್ತೆ ೧೨.೧! ಮಿತ್ರರು ಜೇಬಿನ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ಮುದುಕರು ಒಳಗೆ ಬಗ್ಗಿ, "ಕೆಂಪು ದೀಪ ಹತ್ತುತ್ತಲೇ ಇಲ್ಲವಲ್ಲ" ಎಂದರು. ಆ ಪುಟ್ಟ ದೀಪವು ಬರಿಯ ಎಚ್ಚರಿಕೆಗಾಗಿ ಇರುವುದಲ್ಲವಂತೆ. ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಆಲ್ಟರ್ನೇಟರಿನ ಸುರುಳಿಯಲ್ಲಿ ಮೊದಲ ಕಾಂತಶಕ್ತಿಯನ್ನು ಹುಟ್ಟಿಸುತ್ತದೆ. ಆ ತೆಳು ತಂತಿಯ ತುದಿ ಕಿಲುಬು ಹಿಡಿದು, ಕಳಚುವಾಗ ಮುರಿದಿದ್ದಿತು. ಹೊಸ ತುದಿಯನ್ನು ಕಟ್ಟಿ ಕೀಲಿ ತಿರುಗಿಸಲು ದೀಪವು ಪೂರ್ಣ ಕೆಂಪಾಗಿ ಹತ್ತಿತು. ಎಂಜಿನು ಎದ್ದೊಡನೆ ಪೂರ್ಣವಾಗಿ ಆರಿತು. ಮೀಟರಿನಲ್ಲಿ ೧೪.೧. ಮುಂದಿನ ದೀಪಗಳ ಬೆಳಕು ಎದುರಿನ ಅಂಗಡಿಯ ಅರಿಸಿನದ ರಾಶಿಯ ಮೇಲೆ ಬಿದ್ದು, ನಮ್ಮ ಕಣ್ಣಿಗೆ ಹಬ್ಬವಾಯಿತು.

ಘಾಟನ್ನು ನಿರ್ಭಯವಾಗಿ ಇಳಿದು, ನಡುರಾತ್ರಿಯ ಹೊತ್ತಿಗೆ ಪುಣೆಯನ್ನು ಸೇರಿದೆವು. ಮರುದಿನ ಮಧ್ಯಾಹ್ನ ಮಿತ್ರರು ಹಳೆಯ ಆಲ್ಟರ್ನೇಟರನ್ನು ಹೋಟೆಲಿನ ಹಿತ್ತಿಲಲ್ಲಿ ಬಿಚ್ಚಿದರು. ಒಳಗಿನ ಇಂಗಾಲದ ಬ್ರಷುಗಳು ಅಕ್ಕಿಕಾಳಿನಷ್ಟಾಗಿ ಸವೆದಿದ್ದವು. ಮಾಣಿಯೊಬ್ಬನು ಅವನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟಕ್ಕೆ ಎರಡು ಬ್ಯಾಟರಿಯೇ ಅಣ್ಣಾ?" ಎಂದನು. ಮಿತ್ರರು ಉತ್ತರ ಕೊಡದೆ ಚಹಾ ತರಿಸಿದರು.