ಒಂದು ಸೀಲು ತೊಲಗಿದ ಕಥೆ

ಬೆಂಗಳೂರಿನ ಉತ್ತರಹಳ್ಳಿಯ ಯಾವ ಮನೆಯಲ್ಲಾದರೂ ಅಟ್ಟದ ಮೇಲಿನ ಹಳೆಯ ಬ್ಯಾಗು ಕೊಡವಿದರೆ ವಿಮಾನ ಕಂಪನಿಯ ಹೆಸರಿರುವ ಕಾಗದದ ಟ್ಯಾಗೊಂದು ಉದುರೀತು. ಅದರ ಮೇಲೆ ಓರೆಯಾಗಿ ಬಿದ್ದ ಸೀಲು: ಭದ್ರತಾ ತಪಾಸಣೆ ಆಗಿದೆ. ಆಗೆಲ್ಲ ಆ ಸೀಲಿಲ್ಲದಿದ್ದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ಬನಶಂಕರಿಯಲ್ಲಿ ವಾಯುವಜ್ರ ಬಸ್ಸು ಹತ್ತಿ, ಇಡೀ ಊರು ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಿದ ಹಿರಿಯರು ಕೊನೇ ಗಳಿಗೆಯಲ್ಲಿ ಸೀಲಿಗಾಗಿ ಏದುಸಿರು ಬಿಡುತ್ತಾ ಓಡಿದ್ದನ್ನು ಕಂಡು ನನಗೆ ಸಂಕಟವಾಗಿದೆ.

ಸರ್ಕಾರ ಇಷ್ಟು ಬಿಗಿಯಾಗಲು ಕಾರಣವಿತ್ತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡ್ ಬಳಿ ಸ್ಫೋಟಗೊಂಡು 329 ಜನ ಸತ್ತರು. ವ್ಯಾಂಕೂವರ್‌ನಲ್ಲಿ ಪ್ರಯಾಣಿಕನೇ ಹತ್ತದಿದ್ದರೂ ಅವನ ಸೂಟ್‌ಕೇಸ್ ವಿಮಾನ ಸೇರಿತ್ತು. ಟೊರೊಂಟೊದಲ್ಲಿ ಎಕ್ಸ್‌-ರೇ ಯಂತ್ರ ಕೆಟ್ಟಾಗ ಖಾಸಗಿ ಕಾವಲುಗಾರರು ಕೈಯಲ್ಲಿ ಹಿಡಿಯುವ ಉಪಕರಣದಲ್ಲೇ ತಪಾಸಣೆ ಮುಂದುವರಿಸಿದ್ದರು. 1987ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ (ಬಿಸಿಎಎಸ್) ಸ್ವತಂತ್ರ ಇಲಾಖೆಯಾಯಿತು. 1999ರ ಕಂದಹಾರ್ ವಿಮಾನ ಅಪಹರಣದ ಬಳಿಕ, 2000ದಿಂದ, ರಾಜ್ಯ ಪೊಲೀಸರ ಜಾಗಕ್ಕೆ ಒಂದೊಂದೇ ನಿಲ್ದಾಣದಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್‌ಎಫ್) ಬಂತು. ಅಮೆರಿಕ ಕೂಡ 2001ರ ಭಯೋತ್ಪಾದಕ ದಾಳಿಯ ಮೇಲೆಯೇ ಖಾಸಗಿ ತಪಾಸಣೆ ಬಿಟ್ಟು ಸರ್ಕಾರಿ ವ್ಯವಸ್ಥೆಗೆ ತಿರುಗಿತು.

ಆದರೆ ಸೀಲಿನ ಕಥೆ ಬೇರೆ. 2016ರ ಡಿಸೆಂಬರ್‌ನಲ್ಲಿ ಬೆಂಗಳೂರು ಸೇರಿದಂತೆ ಕೆಲವೆಡೆ ಸೀಲಿಲ್ಲದ ಪ್ರಯೋಗ ನಡೆಯಿತು. 2017ರ ಫೆಬ್ರವರಿಯಲ್ಲಿ ಬಿಸಿಎಎಸ್, ಏಳು ನಿಲ್ದಾಣಗಳಲ್ಲಿ ಇನ್ನು ಸೀಲು ಬೇಡ ಎಂದಿತು. ಸಿಐಎಸ್‌ಎಫ್ ಒಪ್ಪಲಿಲ್ಲ; ಮೊದಲು ಭದ್ರತಾ ಸೌಕರ್ಯ ಸುಧಾರಿಸಲಿ ಎಂದು ಪಟ್ಟು ಹಿಡಿದು ಸೀಲು ಒತ್ತುವುದನ್ನು ಮುಂದುವರಿಸಿತು. ಆದೇಶ ಕೊಡುವವರೂ ಸರ್ಕಾರ, ಕಾವಲು ಕಾಯುವವರೂ ಸರ್ಕಾರ. ಕಡೆಗೆ ಏಪ್ರಿಲ್ 1ರಂದು ಬೆಂಗಳೂರು, ದೆಹಲಿ, ಮುಂಬೈ ಸೇರಿ ಆ ಏಳು ಕಡೆ ಸೀಲು ನಿಂತಿತು.

ಆ ಜಗಳ ನನಗೆ ಮುಖ್ಯವೆನಿಸುತ್ತದೆ. ಜಾರಿಯಲ್ಲಿದ್ದ ಒಂದು ಭದ್ರತಾ ಕ್ರಮ ತಾನು ಯಾಕೆ ಬೇಕು ಎಂಬುದಕ್ಕೆ ಆಗ ಉತ್ತರ ಕೊಡಬೇಕಾಯಿತು. ಅಂಥ ಪರೀಕ್ಷೆ ನಮ್ಮಲ್ಲಿ ಅಪರೂಪ; ಖರ್ಚೂ ಹೊಸ ಕ್ರಮಗಳೂ ಮಾತ್ರ ಸೇರುತ್ತಲೇ ಇವೆ. ದೇಶದೊಳಗಿನ ಪ್ರಯಾಣಿಕನ ಟಿಕೆಟ್ಟಿನಲ್ಲಿ ಭದ್ರತಾ ಶುಲ್ಕ 2021ರ ಏಪ್ರಿಲ್‌ನಲ್ಲಿ 200 ರೂಪಾಯಿಗೆ ಏರಿತು. 2022ರ ಡಿಸೆಂಬರ್ 1ರಿಂದ ಬೆಂಗಳೂರಿನಲ್ಲಿ ಮುಖ ಗುರುತಿಸುವ ಡಿಜಿ ಯಾತ್ರಾ ವ್ಯವಸ್ಥೆ ಬಂದಿದೆ. ಅದು ಇಷ್ಟವಿದ್ದವರಿಗೆ ಮಾತ್ರ ಎಂಬ ಸರ್ಕಾರದ ಭರವಸೆ ಹಾಗೆಯೇ ಉಳಿಯಬೇಕು.

ತಪಾಸಣೆ ಕಡ್ಡಾಯವಿರಲಿ, ಅದರ ಹೊಣೆ ಸರ್ಕಾರದ್ದೇ ಇರಲಿ. ಲಾಭ ನೋಡುವ ಕಂಪನಿಗೆ ಅದನ್ನು ಪೂರ್ತಿ ಬಿಟ್ಟರೆ ಏನಾದೀತು ಎಂಬುದಕ್ಕೆ ಕನಿಷ್ಕ ಸಾಕ್ಷಿ. ಆದರೆ ಹೇರಿದ ಒಂದೊಂದು ಕ್ರಮವನ್ನೂ ಕೆಲವು ವರ್ಷಕ್ಕೊಮ್ಮೆ ಬಹಿರಂಗವಾಗಿ ಪರಿಶೀಲಿಸಿ, ಉಪಯೋಗವಿಲ್ಲದ್ದನ್ನು ಕೈಬಿಡುವುದೂ ಸರ್ಕಾರದ ಮೇಲೆ ಅಷ್ಟೇ ಕಡ್ಡಾಯವಾಗಬೇಕು.