ಹಲ್ಲುನೋವು, ತಲೆನೋವು, ಹೊಟ್ಟೆನೋವು

"ಅಮ್ಮಾ, ಹೊಟ್ಟೆನೋವು..." ಸೋಮವಾರ ಬೆಳಿಗ್ಗೆ ಏಳೂವರೆಗೆ ಮಗರಾಯನ ರಾಗ. ಜ್ವರವಿಲ್ಲ, ವಾಂತಿಯಿಲ್ಲ, ಆಗಲೇ ಎರಡು ದೋಸೆ ಒಳಗೆ ಹೋಗಿತ್ತು! ಆದರೂ ಶಾಲೆಗೆ ಫೋನ್ ಮಾಡಿ ರಜೆ ಹೇಳಿದೆ. ಏಕೆಂದರೆ ತೀರ್ಥಹಳ್ಳಿಯಲ್ಲಿ ಇದೇ ರಾಗ ನಾನೂ ಹಾಡಿದವಳೇ. ಗಣಿತದ ಪಿರಿಯಡ್ಡಿನ ಭಯಕ್ಕೆ. ಅಮ್ಮ ಕಾರಣ ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಭಯ ನನ್ನ ಜೊತೆಗೇ ಬೆಳೆಯಿತು.

ಪಾಲೋ ಆಲ್ಟೋಗೆ ಬಂದ ಮೇಲೆ ನನಗೆ ಹಳೆಯ ಕಪ್ಪು-ಬಿಳುಪು ಸಿನಿಮಾಗಳ ಹುಚ್ಚು ಹತ್ತಿಸಿದ್ದು 1925ರಲ್ಲಿ ಶುರುವಾದ ಇಲ್ಲಿನ ಸ್ಟ್ಯಾನ್‌ಫರ್ಡ್ ಥಿಯೇಟರ್. ಅಂದು ಸಂಜೆ ಮಗನ ಜೊತೆ ಕೂತು ಮನೆಯಲ್ಲೇ ಒಂದು ಹಾಕಿದೆ: ಹಾಲ್ ರೋಚ್ ಅವರ 'ಅವರ್ ಗ್ಯಾಂಗ್' ಮಾಲೆಯ 'ಬೋರ್ಡ್ ಆಫ್ ಎಜುಕೇಶನ್'. 1936ರ ಚಿತ್ರ, ನಿರ್ದೇಶನ ಗಾರ್ಡನ್ ಡಗ್ಲಾಸ್. ಸುಮಾರು ಹತ್ತೇ ನಿಮಿಷ, ಆದರೂ ಆಸ್ಕರ್ ಗೆದ್ದಿದೆ!

ರಜೆ ಮುಗಿದ ಮೊದಲ ದಿನ. ಶಾಲೆ ತಪ್ಪಿಸಲು ಸ್ಪ್ಯಾಂಕಿ ತನ್ನ ಗೆಳೆಯ ಆಲ್ಫಾಲ್ಫಾನ ಬಾಯಿಗೆ ಬಲೂನು ತುರುಕಿ ಕೆನ್ನೆ ಊದಿಸುತ್ತಾನೆ. ಹಲ್ಲುನೋವಂತೆ! ಹೊಸ ಟೀಚರ್ ಈ ಉಪಾಯವನ್ನು ಮೊದಲೇ ಕೇಳಿಸಿಕೊಂಡಿರುತ್ತಾಳೆ. ಬೈಯುವುದಿಲ್ಲ, ಮನೆಗೆ ಹೋಗಿ ಎನ್ನುತ್ತಾಳೆ. ಹೊರಗೆ ಬಂದರೆ ಎದುರಿಗೇ ಐಸ್‌ಕ್ರೀಮ್, ಇಡೀ ತರಗತಿಗೆ ಅಂತ ತರಿಸಿದ್ದು! ಹುಡುಗರ ಮುಖ ನೋಡಬೇಕಿತ್ತು.

ನನಗೆ ನಮ್ಮ ಸ್ವಾಮಿ ನೆನಪಾದ. ಆರ್.ಕೆ. ನಾರಾಯಣ್ ಅವರ 'ಫಾದರ್ಸ್ ಹೆಲ್ಪ್' ಕಥೆಯಲ್ಲಿ ಅವನಿಗೂ ಸೋಮವಾರವೇ ತಲೆನೋವು. ಆದರೆ ಅವನ ಅಪ್ಪ ಬಿಡುವವರಲ್ಲ, ತಡವಾದರೂ ಸರಿ, ಶಾಲೆಗೆ ಹೋಗಲೇಬೇಕು. ನಮ್ಮೂರಿನ ಹತ್ತಿರದ ಆಗುಂಬೆಯಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದಾಗ ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ್ ಕಾರ್ನಾಡ್ ಅಪ್ಪನಾದರು. ಎಲ್ಲಿಯ ಹಾಲಿವುಡ್, ಎಲ್ಲಿಯ ಆಗುಂಬೆ! ಮಕ್ಕಳ ನೋವಿನ ಪಟ್ಟಿ ಮಾತ್ರ ಒಂದೇ.

ಬಿದ್ದು ಬಿದ್ದು ನಗುತ್ತಿದ್ದ ಮಗ ಇದ್ದಕ್ಕಿದ್ದಂತೆ ಕೇಳಿದ: "ಆ ಟೀಚರ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಂಗೂ?"

"ನಂಗೂ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಕ್ಲಾಸ್ ಮುಂದೆ ನಿಂತು ಓದ್ಬೇಕಿತ್ತಮ್ಮ. ನಂಗೆ ತೊದಲತ್ತೆ. ಎಲ್ರೂ ನಗ್ತಾರೆ."

ಅದೇ ಅವನ ಹೊಟ್ಟೆನೋವು. ನಾನು ನನ್ನ ಗಣಿತದ ಕಥೆ ಹೇಳಿದೆ. ಆ ರಾತ್ರಿ ಅಡುಗೆಮನೆಯಲ್ಲಿ ನಿಂತು ಅದೇ ಪುಟವನ್ನು ಆರು ಸಲ ಓದಿದ. ಪಾತ್ರೆಗಳು ಯಾರನ್ನೂ ನೋಡಿ ನಗುವುದಿಲ್ಲವಲ್ಲ! ಟೀಚರ್‌ಗೂ ಒಂದು ಚೀಟಿ ಬರೆದು ಕಳಿಸಿದೆ.

ಮರುದಿನ ಓದಿದನಂತೆ. ಎರಡು ಕಡೆ ತೊದಲಿದನಂತೆ. ಮನೆಗೆ ಬಂದವನೇ ಬ್ಯಾಗ್ ಎಸೆದು ಕೇಳಿದ್ದು ಒಂದೇ:

"ಐಸ್‌ಕ್ರೀಮ್ ಎಲ್ಲಮ್ಮಾ?"